ಶೇಷಪ್ಪನ ಅಳತೆ

ನಮ್ಮೂರಲ್ಲಿ ದೋಣಿಯನ್ನು ಹೊಗಳಿದರೆ ಉಬ್ಬುತ್ತದೆ, ಬೈದರೆ ಕುಗ್ಗುತ್ತದೆ. ಇದನ್ನು ಹೀಗೆ ಮೊದಲ ಮಾತಿಗೇ ಹೇಳಿಬಿಡಬಹುದೋ, ಸ್ವಲ್ಪ ಪೀಠಿಕೆ ಹಾಕಬೇಕಿತ್ತೋ ನನಗೆ ಗೊತ್ತಿಲ್ಲ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಉಪ್ಪಿನ ಗೋದಾಮಿನ ಗುಮಾಸ್ತಿಕೆ ಮುಗಿಸಿ ಓಡೋಡಿ ಹೋಗುವಷ್ಟರಲ್ಲಿ ಪಾಠದ ಮೊದಲರ್ಧ ಆಗಿಹೋಗಿರುತ್ತಿತ್ತು. ಹಾಗಾಗಿ ಯಾವ ವಿಷಯ ತೆಗೆದುಕೊಂಡರೂ ನನಗೆ ತಿಳಿದಿರುವುದು ಉತ್ತರಾರ್ಧ ಮಾತ್ರ.

ದೋಣಿಗೆ ಮಾತು ನಾಟಬೇಕಾದರೆ ಹೇಳುವವರು ಆ ಮನೆಯವರೇ ಆಗಿರಬೇಕು, ಮತ್ತು ಹೆಸರು ಹಿಡಿದು ಹೇಳಬೇಕು. ದೋಣಿಯ ಹೆಸರು ಅಂದರೆ ಯಜಮಾನನ ಹೆಸರೇ. ಯಜಮಾನ ಬದಲಾದರೆ ಹೆಸರೂ ಬದಲಾಗುತ್ತದೆ. ಇದರಿಂದ ಆಗುವ ಗೊಂದಲಕ್ಕೆ ನಾವು ಹೊಂದಿಕೊಂಡಿದ್ದೇವೆ. ಬೆಳಿಗ್ಗೆ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತರೆ, ಮಾಬಲ ಅಡಿಯಲ್ಲಿ ಸೋರುತ್ತಿದ್ದಾನಂತೆ, ಗೌರಮ್ಮನಿಗೆ ಎರಡು ಕೋಟು ಡಾಂಬರು ಬಳಿಯಬೇಕಂತೆ ಎಂಬ ಮಾತುಗಳು ಕಿವಿಗೆ ಬೀಳುತ್ತವೆ, ಯಾರೂ ನಗುವುದಿಲ್ಲ. ಒಮ್ಮೆ ಗೌರಮ್ಮನ ಹೊಸ ಅಳಿಯ ಹೊರಗಿನಿಂದ ಬಂದವನು ಹಿತ್ತಲಲ್ಲಿ ನಿಂತು, ಗೌರಮ್ಮ ಎಷ್ಟು ಲಕ್ಷಣವಾಗಿದೆ ಅಂದುಬಿಟ್ಟ. ದೋಣಿಯ ಮೂತಿ ಅಡುಗೆಮನೆಯ ಗೋಡೆ ಒಡೆದು ಒಲೆಯವರೆಗೆ ಬಂತು. ಅಂದಿನಿಂದ ನಮ್ಮೂರಲ್ಲಿ ಅಳಿಯಂದಿರಿಗೆ ಕೈಕಾಲು ತೊಳೆಯಲು ನೀರು ಕೊಡುವಾಗಲೇ ಬುದ್ಧಿಮಾತನ್ನೂ ಹೇಳಿಬಿಡುತ್ತಾರೆ. ಮರ್ಯಾದಸ್ಥರು ಒಬ್ಬರನ್ನೊಬ್ಬರು ಕಂಡಾಗ ಕೇಳುವುದು ಒಂದೇ: ನಿಮ್ಮದು ಇನ್ನೂ ಮುಳುಗಿಲ್ಲವಾ?

ಹಿನ್ನೀರಿನ ಕೆಸರಿನಲ್ಲೂ ಜನರ ಹಿತ್ತಲುಗಳಲ್ಲೂ ಹಿಂದಿನ ಕಾಲದ ಸೀಸದ ದೋಣಿಗಳು ಬಹಳ ಬಿದ್ದಿದ್ದವು. ಹೊಟ್ಟೆಯಡಿಗೆ ಉದ್ದಕ್ಕೂ ಸೀಸದ ದಿಂಡು ಕಟ್ಟಿದ, ಎಂಥ ಗಾಳಿಗೂ ಮಗುಚದ ದೊಡ್ಡ ಹಾಯಿದೋಣಿಗಳು. ಉಪ್ಪಿನ ಸಾಹುಕಾರರು ಮೋಜಿಗೆ ಕಟ್ಟಿಸಿದ್ದು. ಅವರ ಮನೆಗಳಲ್ಲಿ ಹೊಗಳುವವರಿಗೆ ಬರವಿರಲಿಲ್ಲವಾದ್ದರಿಂದ ಒಂದೊಂದೂ ಒಂದೊಂದು ಪ್ರಮಾಣಕ್ಕೆ ಬೆಳೆದಿತ್ತು. ಸಾಹುಕಾರಿಕೆ ಹೋಯಿತು, ದೋಣಿಗಳು ಅವರಿವರ ಪಾಲಿಗೆ ಬಂದವು. ಹಾಯಿ ಕಟ್ಟುವುದಕ್ಕೆ ಯಾರಿಗೂ ತಾಕತ್ತಿರಲಿಲ್ಲ. ಕೋಳಿಗಳು ಅವುಗಳಲ್ಲಿ ಮೊಟ್ಟೆ ಇಡುತ್ತಿದ್ದವು.

ಹಾಯಿ ಸಂಘದ ಅಧ್ಯಕ್ಷ ದುಗ್ಗಪ್ಪಣ್ಣ ಒಂದು ಉಪಾಯ ತೆಗೆದ. ಎಲ್ಲ ದೋಣಿಗಳ ಮೇಲಿನ ಕೋಣೆಯಂಥ ಗೂಡು ಕಿತ್ತುಹಾಕುವುದು, ಎಲ್ಲಕ್ಕೂ ಗಾಳಿಮರದ ಒಂದೇ ಎತ್ತರದ ಕಂಬ, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆಯ ಹಾಯಿ, ಅಡಿಯಲ್ಲಿ ಒಂದೇ ತೂಕದ ಸೀಸ. ಉದ್ದವೂ ಒಂದೇ. ಆಗ ಗೆದ್ದವನು ದುಡ್ಡಿನಿಂದ ಗೆದ್ದ ಅನ್ನುವಂತಿಲ್ಲ, ಸೋತವನಿಗೆ ದೋಣಿಯ ಮೇಲೆ ಹೇಳಲು ನೆಪವಿಲ್ಲ. ಈ ಜಾತಿಯ ದೋಣಿಗೆ ಸರಿಸಮ ಅಂತ ಹೆಸರಿಟ್ಟರು. ಬಡಗಿಯನ್ನು ಕರೆದು ಉದ್ದ ಕತ್ತರಿಸುವುದು ನಮ್ಮಂಥವರಿಂದ ಆಗುವ ಮಾತಲ್ಲ; ಬೈಯುವುದಕ್ಕೆ ಏನೂ ಖರ್ಚಿಲ್ಲ. ದುಗ್ಗಪ್ಪಣ್ಣ ಒಂದು ನೀಳ ಬಿದಿರನ್ನು ಸಂಘದ ಜಗಲಿಗೆ ಒರಗಿಸಿ ನಿಲ್ಲಿಸಿ, ನಿಮ್ಮ ನಿಮ್ಮ ದೋಣಿಯನ್ನು ಬೈದು ಇಷ್ಟಕ್ಕೆ ತನ್ನಿ, ಹೆಚ್ಚೂ ಬೇಡ ಕಡಿಮೆಯೂ ಬೇಡ, ಅಳತೆಗೆ ಬಾರದ್ದು ರೇಸಿಗೆ ಇಳಿಯುವಂತಿಲ್ಲ ಎಂದು ಸಾರಿದ. ಗೂಡುಗಳಿಂದ ಬಂದ ಹಲಗೆ ಊರಿನ ಬಚ್ಚಲುಮನೆಗಳಿಗೆಲ್ಲ ಬಾಗಿಲಾಯಿತು. ಸ್ನಾನಕ್ಕೆ ಹೋದವರು ಈಗಲೂ ಗುಂಡು ಕಿಟಕಿಯಿಂದ ಹೊರಗೆ ನೋಡುತ್ತಾರೆ.

ನನ್ನ ಪಾಲಿಗೆ ಬಂದದ್ದು ಸೋದರಮಾವ ತಮ್ಮಯ್ಯನ ದೋಣಿ. ಮಾವ ದಿನಾ ಸಂಜೆ ಅದರಲ್ಲಿ ಕಾಲು ಚಾಚಿ ಕೂತು, ತಮ್ಮಯ್ಯ ಅಂದರೆ ಏನು ಸಾಮಾನ್ಯನಾ ಎಂದು ತನ್ನ ಪ್ರತಾಪ ಹೇಳಿಕೊಳ್ಳುತ್ತಿದ್ದವನು. ಆತ ತೀರಿಕೊಳ್ಳುವ ಹೊತ್ತಿಗೆ ದೋಣಿಯ ಹಿಂಭಾಗ ನಮ್ಮ ಹಿತ್ತಲಲ್ಲಿ, ಮುಂಭಾಗ ರಸ್ತೆಯಾಚೆ ಮಾಬಲನ ತೆಂಗಿನ ಬುಡದಲ್ಲಿ ಇತ್ತು. ಎತ್ತಿನಗಾಡಿಯವರು ಸುತ್ತು ಹಾಕಿ ಹೋಗುತ್ತಿದ್ದರು. ಸಂಘದವರು ಪದ್ಧತಿಯಂತೆ ಮೂತಿಗೆ ನೀರು ಚಿಮುಕಿಸಿ ಶೇಷಪ್ಪ ಎಂದು ನನ್ನ ಹೆಸರಿಟ್ಟರು.

ನನಗೆ ರೇಸಿನ ಆಸೆ ಇರಲಿಲ್ಲ. ಗೆಲ್ಲುವುದು ಹೇಗೂ ಆಗದ ಮಾತು. ಇನ್ನೊಬ್ಬರಿಗೆ ಡಿಕ್ಕಿ ಹೊಡೆದರೆ ಎಂಬ ಯೋಚನೆಯಿಂದಲೇ ನನಗೆ ನಿದ್ದೆ ಹೋಗುತ್ತದೆ. ಆಸೆ ಇದ್ದದ್ದು ನನ್ನ ಹೆಂಡತಿ ಕಮಲಾಕ್ಷಿಗೆ. ಅವಳ ತವರಿನವರು ಸಾಹುಕಾರರ ದೋಣಿಗಳಿಗೆ ಚುಕ್ಕಾಣಿ ಹಿಡಿಯುತ್ತಿದ್ದವರು. ಗಾಳಿ ಯಾವ ಕಡೆಯಿಂದ ತಿರುಗುತ್ತದೆ ಎಂದು ಅವಳು ಒಣಗಲು ಹಾಕಿದ ಸೀರೆ ನೋಡಿ ಹೇಳುತ್ತಿದ್ದಳು. ಹೇಳಿ ಏನು ಮಾಡುವುದು, ಸಾಹುಕಾರರ ಕಾಲದಲ್ಲಿ ರೇಸಿನ ದಿನ ಅವಳ ಪಾಲಿಗೆ ಬರುತ್ತಿದ್ದದ್ದು ದಡದಲ್ಲಿ ನಿಂತು ಗಂಡಸರ ಚಪ್ಪಲಿ ಕಾಯುವ ಕೆಲಸ. ಸರಿಸಮ ದೋಣಿಗೆ ಇಬ್ಬರು, ಯಾರಾದರೂ ಆಗಬಹುದು ಎಂದು ದುಗ್ಗಪ್ಪಣ್ಣ ಸಾರಿದ ದಿನ ಅವಳು ನನಗೆ ಊಟ ಬಡಿಸುತ್ತ, "ರೀ, ಚುಕ್ಕಾಣಿ ನಾನು ಹಿಡೀಲಾ?" ಎಂದು ಕೇಳಿದಳು. ಮದುವೆಯಾದ ಮೇಲೆ ಅವಳು ತನಗೆ ಅಂತ ಕೇಳಿದ್ದು ಅದೊಂದೇ. ಆಗಲಿ ಎಂದೆ. ಆಮೇಲೆ, ಅಳತೆಗೆ ತರಬೇಕಾದವನು ನಾನೇ ಎಂಬುದು ಹೊಳೆಯಿತು.

ಯಾಕೆ ನಾನೇ ಅಂದರೆ, ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಕಮಲಾಕ್ಷಿಯ ಬಾಯಲ್ಲಿ ಬೈಗುಳಕ್ಕೆ ಕೊರತೆ ಇಲ್ಲ, ಅದಕ್ಕೆ ನಾನೇ ಸಾಕ್ಷಿ. ಆದರೆ ದೋಣಿಯ ಮುಂದೆ ನಿಂತು ಅವಳು, ಏಯ್, ಇಲ್ಲಿ ಕೇಳು, ನಾಚಿಕೆ ಆಗಲ್ವಾ ನಿನಗೆ ಎಂದು ಎಷ್ಟು ಕೂಗಿದರೂ ಅದು ಮಾಬಲನ ತೆಂಗಿಗೆ ಒರಗಿಕೊಂಡು ಸುಮ್ಮನೆ ಬಿದ್ದಿತ್ತು. ಹೆಸರಿಲ್ಲದ ಬೈಗುಳ ವಿಳಾಸವಿಲ್ಲದ ಕಾಗದದ ಹಾಗೆ. ಬೇರೆ ಮನೆಗಳಲ್ಲಿ ತಾಯಿಯೋ ತಮ್ಮನೋ ಮಕ್ಕಳೋ ಆ ಕೆಲಸ ಮಾಡುತ್ತಿದ್ದರು. ಮಾಬಲನಿಗೆ ತಿಪ್ಪೇಶಿ ಎಂಬ ತಮ್ಮ. ಹುಟ್ಟಿದಾಗಿನಿಂದ ಅಣ್ಣನ ಮುಂದೆ ತಲೆಯೆತ್ತದವನು, ಈಗ ಸಂಘದ ಅಪ್ಪಣೆಯ ಮೇರೆಗೆ ದಿನಾ ಬೆಳಿಗ್ಗೆ ದೋಣಿಯ ಎದುರು ನಿಂತು, "ಮಾಬಲಾ, ಅಪ್ಪನ ಗದ್ದೇಲಿ ಒಳ್ಳೇ ಭಾಗ ನೀನೇ ಹೊಡ್ಕೊಂಡಿಯಲ್ಲೋ" ಎಂದು ಶುರುಮಾಡಿದರೆ ತಿಂಡಿಯ ಹೊತ್ತಿನವರೆಗೂ ನಿಲ್ಲುತ್ತಿರಲಿಲ್ಲ. ಮಾಬಲ ಪಕ್ಕದಲ್ಲೇ ನಿಂತು ಕೇಳಬೇಕು, ಸಿಟ್ಟಾಗುವಂತಿಲ್ಲ. ಅವರ ದೋಣಿ ಎಲ್ಲರಿಗಿಂತ ಮೊದಲು ಅಳತೆಗೆ ಬಂತು. ಆಮೇಲೂ ತಿಪ್ಪೇಶಿ ಎರಡು ದಿನ ಬೈದ. ಹೊಗಳಿ ಸರಿಮಾಡಬೇಕಾಯಿತು, ಅದಕ್ಕೆ ಬಹಳ ಹೊತ್ತು ಹಿಡಿಯಿತು.

ನಮ್ಮ ಮನೆಯಲ್ಲಿ ತಾಯಿಯಿಲ್ಲ, ಮಕ್ಕಳಿಲ್ಲ, ತಮ್ಮಂದಿರಿಲ್ಲ; ತಂಗಿ ಮದುವೆಯಾಗಿ ಬೇರೆ ಮನೆಯವಳು. ನನಗೆ ಬೈಯಲು ಬರುವುದಿಲ್ಲ. ದಾರಿಯಲ್ಲಿ ಕಂಬಕ್ಕೆ ತಾಗಿದರೆ ಕಂಬದ ಕ್ಷಮೆ ಕೇಳುವವನು ನಾನು. ನನ್ನಂಥವರಿಗೆಂದೇ ಸಂಘದವರು ಬೈಗುಳದ ಸಂಜೆ ತರಗತಿ ಇಟ್ಟರು. ಕಲಿಸಲು ಬಂದವರು ಅಂಬುಜಾಕ್ಷಿ ಟೀಚರ್. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವರ ಬಾಯಿಗೆ ಬೆದರಿ ಗುಣಿಸುವುದು ಕಲಿತವರು. ನಾನು ಗೋದಾಮಿನಿಂದ ಓಡಿ ಹೋಗುವಷ್ಟರಲ್ಲಿ ಅಲ್ಲೂ ಮೊದಲರ್ಧ ಮುಗಿದಿರುತ್ತಿತ್ತು. ನನಗೆ ಸಿಕ್ಕಿದ್ದು ಶಬ್ದಭಂಡಾರ ಮಾತ್ರ: ಬೆಪ್ಪುತಕ್ಕಡಿ, ದಂಡಪಿಂಡ, ಮೊದ್ದು, ಎಮ್ಮೆತಮ್ಮಣ್ಣ, ಒನಕೆಗೆ ಅಂಗಿ ಹಾಕಿದವನು. ಶ್ರದ್ಧೆಯಿಂದ ಬಾಯಿಪಾಠ ಮಾಡಿದೆ. ದೋಣಿಯ ಎದುರು ನಿಂತು ಒಂದೊಂದಾಗಿ ಒಪ್ಪಿಸಿದೆ. ಒಪ್ಪಿಸಿ, ದಯವಿಟ್ಟು ತಪ್ಪು ತಿಳಿಯಬೇಡ ಎಂದೂ ಸೇರಿಸಿದೆ. ದೋಣಿ ಹಾಗೇ ಇತ್ತು. ಕಮಲಾಕ್ಷಿ, ಸ್ವಲ್ಪ ಬೆಳೆದ ಹಾಗಿದೆ ಅಂದಳು.

ದಿನವೂ ಗೋದಾಮಿಗೆ ಹೋಗುವಾಗ ಮಾಬಲ ತನ್ನ ತೆಂಗಿನ ಕೆಳಗಿಂದ ವಿಚಾರಿಸುತ್ತಿದ್ದ. "ಏನ್ ಮಾರಾಯ ಶೇಷಪ್ಪ, ನಿನ್ನ ಶೇಷಪ್ಪ ಇವತ್ತೂ ನಮ್ಮನೇಲೇ ಇದಾನಲ್ಲ. ಊಟಕ್ಕೆ ಎಲೆ ಹಾಕ್ಲಾ?"

ಅಳತೆಯ ದಿನ ಹತ್ತಿರ ಬಂತು. ಕಮಲಾಕ್ಷಿ ನನ್ನನ್ನು ಏನೂ ಕೇಳಲಿಲ್ಲ. ಸಂಘದಿಂದ ಕೊಟ್ಟ ಬಟ್ಟೆ ತಂದು ಹಾಯಿ ಹೊಲಿದಳು. ಹೊಲಿದು ಮಡಚಿ, ಪೆಟ್ಟಿಗೆಯಲ್ಲಿ ತನ್ನ ಮದುವೆ ಸೀರೆಯ ಮೇಲೆ ಇಟ್ಟಳು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಅಳತೆಗೆ ಹಿಂದಿನ ದಿನ ಭಾನುವಾರ. ಅವಳು ಅಂಗಡಿಗೆ ಹೋಗಿದ್ದಳು. ನಾನು ದೋಣಿಯೊಳಗೆ ಹತ್ತಿ ಹಿಂದಿನ ಹಲಗೆಯ ಮೇಲೆ ಕೂತೆ. ನಾಳೆ ದುಗ್ಗಪ್ಪಣ್ಣ ಬಿದಿರು ಹಿಡಿದು ಬರುತ್ತಾನೆ, ನೋಡುತ್ತಾನೆ, ಇಲ್ಲ ಅನ್ನುತ್ತಾನೆ, ಇವಳು ಮತ್ತೆ ಚಪ್ಪಲಿ ಕಾಯಲು ನಿಲ್ಲುತ್ತಾಳೆ. ಇದನ್ನೆಲ್ಲ ಯೋಚಿಸುತ್ತ ಎಂದಿನಂತೆ ನನ್ನಷ್ಟಕ್ಕೆ ಮಾತು ಶುರುವಾಯಿತು. ಸಾಮಾನ್ಯವಾಗಿ ನಾನಿದನ್ನು ಗೋದಾಮಿಗೆ ನಡೆಯುವ ದಾರಿಯಲ್ಲಿ ಮಾಡುತ್ತೇನೆ. ದೋಣಿಯಲ್ಲಿ ಕೂತು ಮಾಡಿದ್ದು ಅದೇ ಮೊದಲು. "ಶೇಷಪ್ಪ," ಎಂದೆ, "ನಿನ್ನ ಕೈಲಿ ಏನಾಯ್ತೋ ಇಷ್ಟು ದಿನ? ಒಬ್ಬಳು ಒಂದು ಸಲ ಒಂದು ಕೇಳಿದಳು. ಅದಕ್ಕೆ ನೀನು ಪಾಠ ಒಪ್ಪಿಸ್ತಾ ನಿಂತೆ. ನಿನಗೆ ಅವಳು ಗೆಲ್ಲಬೇಕು ಅಂತಲೂ ಇಲ್ಲ, ಯಾರೂ ನಿನ್ನ ಮೇಲೆ ಬೇಜಾರು ಮಾಡಬಾರದು ಅಂತ ಅಷ್ಟೇ ಇರೋದು." ಇದು ಪಲ್ಲವಿ. ಇದರ ಮುಂದೆ ಚರಣಗಳು ಬಹಳ ಇವೆ, ನನಗೆ ಕಂಠಪಾಠ. ಹೆಡ್ ಗುಮಾಸ್ತರ ಮುಂದೆ ಬಾಯಿ ಬಿಡದೆ ನಿಂತದ್ದು, ತಂಗಿಯ ಮದುವೆಯಲ್ಲಿ ಮಾಡಬೇಕಿದ್ದ ಭಾಷಣ, ಯಾರೋ ನಮಸ್ಕಾರ ಅಂದದ್ದು ನನಗೇ ಅಂದುಕೊಂಡು ತಿರುಗಿ ಕೈಮುಗಿದದ್ದು. ಒಂದನ್ನೂ ಬಿಡಲಿಲ್ಲ. ಎಷ್ಟು ಹೊತ್ತು ಹೇಳಿದೆನೋ, ಮುಂದಿನ ಹಲಗೆ ಮೊಣಕಾಲಿಗೆ ಬಡಿದಾಗ ತಲೆಯೆತ್ತಿದೆ.

ರಸ್ತೆ ಖಾಲಿಯಾಗಿತ್ತು. ಒಂದು ಗಾಡಿ ನೆಟ್ಟಗೆ ಹೋಗುತ್ತಿತ್ತು. ನಾನು ಕೂತಿದ್ದದ್ದು ಹೆಚ್ಚುಕಡಿಮೆ ದನಕ್ಕೆ ನೀರು ಕುಡಿಸುವ ಮರಿಗೆಯಷ್ಟು ದೊಡ್ಡ ದೋಣಿಯಲ್ಲಿ.

ಕಮಲಾಕ್ಷಿ ಚೀಲ ಹಿಡಿದು ಬಂದು ನೋಡಿದಳು, ದೋಣಿಯನ್ನೂ ಅದರೊಳಗೆ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತ ನನ್ನನ್ನೂ. ಯಾರು ಬೈದದ್ದು ಎಂದು ಕೇಳಿದಳು. ನಾನೇ ಎಂದೆ. ದೋಣಿಯನ್ನಾ ಎಂದು ಕೇಳಿದಳು. ನಾನು ದೋಣಿಯ ಅಂಚು ಹಿಡಿದು ಏಳಲು ನೋಡಿದೆ. ಅವಳು ಚೀಲ ಕೆಳಗಿಟ್ಟು, ಎದ್ದು ಹೊರಗೆ ಬರಲು ನನಗೆ ಕೈ ಕೊಟ್ಟಳು.

ಮರುದಿನ ಎಲ್ಲ ದೋಣಿಗಳನ್ನೂ ಧಕ್ಕೆಯ ಪಕ್ಕ ನೀರಿಗಿಳಿಸಿ ಸಾಲಾಗಿ ಕಟ್ಟಿದ್ದರು. ನೋಡಲು ಊರೇ ಬಂದಿತ್ತು. ನಮ್ಮದನ್ನು ನಾನು ಒಬ್ಬನೇ ಹಗ್ಗ ಕಟ್ಟಿ ಎಳೆದುಕೊಂಡು ಬಂದೆ. ಅಡಿಯ ಸೀಸವೂ ಅದರ ಜೊತೆಗೇ ಕುಗ್ಗಿತ್ತು. ದುಗ್ಗಪ್ಪಣ್ಣ ಬಿದಿರನ್ನು ಅದರ ಮೇಲಿಟ್ಟ. ಬಿದಿರು ಎರಡೂ ಕಡೆ ಹೊರಗೆ ಚಾಚಿತು. "ಇದೇನು ಶೇಷಪ್ಪ," ಎಂದ, "ದೋಣಿ ತಾ ಅಂದರೆ ಸೌಟು ತಂದಿದೀಯಲ್ಲ." ಜನ ನಕ್ಕರು. ನಾನೂ ನಕ್ಕೆ, ಅದು ನನ್ನ ಅಭ್ಯಾಸ. ಆದರೆ ದುಗ್ಗಪ್ಪಣ್ಣ ನ್ಯಾಯವಂತ. ಬಿಸಿಲು ಧಕ್ಕೆಯ ಅಂಚಿಗೆ ಬರುವವರೆಗೆ ಸಮಯವಿದೆ, ಹೊಗಳಿ ಬೆಳೆಸು ಎಂದ.

ನಾನು ಗಂಟಲು ಸರಿಮಾಡಿಕೊಂಡೆ. "ಶೇಷಪ್ಪ ಪರವಾಗಿಲ್ಲ," ಎಂದೆ. ಏನೂ ಆಗಲಿಲ್ಲ. "ಶೇಷಪ್ಪನ ಅಕ್ಷರ ಒಂದು ಮಟ್ಟಿಗೆ ಓದೋ ಹಾಗಿದೆ." ದೋಣಿ ಇನ್ನೊಂದು ಬೆರಳು ಕುಗ್ಗಿತು. ಅಂಬುಜಾಕ್ಷಿ ಟೀಚರ್ ಜನರ ನಡುವಿನಿಂದ, ನಂಬದೆ ಹೇಳಿದ ಮಾತು ನಾಟೋದಿಲ್ಲ ಅಂತ ಮೊದಲನೇ ದಿನವೇ ಹೇಳಿದ್ದೆನಲ್ಲ ಎಂದರು. ಹೇಳಿರಬೇಕು. ಮೊದಲರ್ಧದಲ್ಲಿ.

ಬಿಸಿಲು ಏರುತ್ತಿತ್ತು. ಇನ್ನೇನು ದುಗ್ಗಪ್ಪಣ್ಣ ಬಿದಿರು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಕಮಲಾಕ್ಷಿ ಮಡಚಿದ ಹಾಯಿಯನ್ನು ಗೌರಮ್ಮನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದ ನೀರಿಗೆ ಇಳಿದಳು. ದೋಣಿಯ ಅಂಚಿಗೆ ಕೈ ಇಟ್ಟಳು. ಧಕ್ಕೆಯ ಮೇಲಿದ್ದವರು ಅಂಚಿಗೆ ಬಂದರು. ಅವಳು ಏನು ಹೇಳಲು ಹೊರಟಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು. ಮುದುಕಿಯರು ಕೆಲವರು ಮುಖ ಆ ಕಡೆ ತಿರುಗಿಸಿಕೊಂಡರು, ಕಿವಿ ಮಾತ್ರ ಈ ಕಡೆಯೇ ಇತ್ತು.

"ಶೇಷಪ್ಪ," ಎಂದಳು. ಮೊದಲ ಸಲ ಧ್ವನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದಳು. "ಶೇಷಪ್ಪನವರು ಮಳೇಲಿ ನನ್ನ ಜೊತೆ ನಡೆಯೋವಾಗ ಕೊಡೆ ಪೂರ್ತಿ ನನ್ನ ಕಡೆ ಹಿಡೀತಾರೆ. ಮನೆಗೆ ಬಂದು ಬಲಗಡೆ ತೋಳು ಹಿಂಡಿಕೊಂಡು, ನೆನೆದಿಲ್ಲ ಅಂತಾರೆ."

ದೋಣಿ ಕಿರ್ರೆಂದಿತು. ನೀರಿನಲ್ಲಿ ಅಲೆ ಎದ್ದು ಪಕ್ಕದ ದೋಣಿಗಳು ಆಡಿದವು.

"ಶೇಷಪ್ಪನವರು ಉಪ್ಪು ತೂಗೋವಾಗ ಒಂದು ಸಲವೂ ತಕ್ಕಡಿಗೆ ಬೆರಳು ತಾಗಿಸಿಲ್ಲ. ಬಡವರಿಗೆ ಒಂದು ಹಿಡಿ ಜಾಸ್ತಿ ಹಾಕಿ, ಅದರ ದುಡ್ಡು ತಾವು ಗೋದಾಮಿನ ಡಬ್ಬಕ್ಕೆ ಹಾಕ್ತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ." ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ. ಎಲ್ಲಿಗೆ ನೋಡುವುದೆಂದು ತಿಳಿಯದೆ ಬಿದಿರನ್ನೇ ನೋಡಿದೆ. ದೋಣಿಯ ಮೂತಿ ಅದರ ತುದಿಯ ಕಡೆಗೆ ಸರಿಯುತ್ತಿತ್ತು. ಮಕ್ಕಳಿಲ್ಲ ಅಂತ ಅವರಿವರು ಆಡಿಕೊಂಡಾಗ ತಪ್ಪು ನನ್ನದೇ ಅಂತ ನಾನು ಎಲ್ಲರಿಗೂ ಹೇಳಿಬಿಟ್ಟಿದ್ದನ್ನು ಹೇಳಿದಳು. ಅದು ಯಾರದೆಂದು ನಮಗಿಬ್ಬರಿಗೂ ಇವತ್ತಿಗೂ ಗೊತ್ತಿಲ್ಲ. ಆ ಮಾತಿಗೆ ದೋಣಿ ಒಂದೇ ಸಲಕ್ಕೆ ನಾಲ್ಕು ಮೊಳ ಬೆಳೆಯಿತು. ದುಗ್ಗಪ್ಪಣ್ಣ ಬಿದಿರಿನ ಜೊತೆ ಆಚೆ ಈಚೆ ಓಡುತ್ತ, "ಸಾಕು ತಂಗಿ, ಸಾಕು, ಇನ್ನೊಂದು ಮಾತು ಬೇಡ," ಎಂದು ಕೈ ಎತ್ತಿದ. ತುದಿಗೆ ತುದಿ ಸರಿಯಾಗಿತ್ತು. ಕಮಲಾಕ್ಷಿ ಬಾಯಿ ಮುಚ್ಚಿ, ಯಾರ ಮುಖವನ್ನೂ ನೋಡದೆ ಮೇಲೆ ಬಂದು ಗೌರಮ್ಮನಿಂದ ಹಾಯಿ ಇಸಿದುಕೊಂಡಳು.

ರೇಸು ಆ ವಾರವೇ ಆಯಿತು. ಅಷ್ಟೂ ದೋಣಿಗಳು ಒಂದೇ ಥರ ಕಾಣುತ್ತಿದ್ದರಿಂದ ದಡದವರು ತಮ್ಮವರು ಯಾರೆಂದು ತಿಳಿಯದೆ ಎಲ್ಲರಿಗೂ ಕೇಕೆ ಹಾಕಿದರು. ನೀರಿನ ಮೇಲೆ ದೋಣಿಯ ಹೆಸರೆತ್ತಬಾರದು ಎಂದು ದುಗ್ಗಪ್ಪಣ್ಣ ನಿಯಮ ಮಾಡಿದ್ದ. ಕಮಲಾಕ್ಷಿ ಚುಕ್ಕಾಣಿಯ ಹತ್ತಿರ, ನಾನು ಹಾಯಿಯ ಹಗ್ಗ ಹಿಡಿದು ಮುಂದೆ. ಅವಳು ದೋಣಿಯನ್ನು ಕಲ್ಲುಬಂಡೆಗಳ ನಡುವೆ ನುಗ್ಗಿಸಿದ ರೀತಿಯನ್ನು ವಿವರಿಸಲಾರೆ, ಯಾಕೆಂದರೆ ಬಹುಪಾಲು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹಲ್ಲು ಕಚ್ಚಿದ್ದರಿಂದ ಸಂಜೆ ದವಡೆ ನೋಯುತ್ತಿತ್ತು. ಕಣ್ಣು ಬಿಟ್ಟಾಗ ನಮ್ಮ ಪಕ್ಕದಲ್ಲಿ ಒಂದೇ ದೋಣಿ ಇತ್ತು, ಮಾಬಲ ಮತ್ತು ತಿಪ್ಪೇಶಿಯದು. ಮೂತಿಗೆ ಮೂತಿ ಸಮ. ಮುಗಿಯುವ ಗೆರೆಯ ಹಗ್ಗ ಎದುರಿಗೆ ಕಾಣುತ್ತಿತ್ತು.

"ರೀ," ಎಂದಳು ಕಮಲಾಕ್ಷಿ ಮೆಲ್ಲಗೆ, "ಒಂದು ಮಾತು ಹೇಳ್ಲಾ?"

ಎಂಥ ಮಾತೆಂದು ನನಗೆ ಅರ್ಥವಾಯಿತು. ಅವಳು ಬಾಯಿ ಬಿಟ್ಟರೆ ನಮ್ಮ ಮೂತಿ ಒಂದು ಗೇಣಾದರೂ ಮುಂದೆ ಹೋಗುತ್ತದೆ. ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅವಳು ಗೆಲ್ಲುತ್ತಾಳೆ. ಆ ಮಾತು ಕೇಳಬೇಕೆಂಬ ಆಸೆ ನನಗೆ ಅವಳು ಗೆಲ್ಲಬೇಕೆಂಬ ಆಸೆಗಿಂತ ಹೆಚ್ಚಿತ್ತು, ಈ ವಿಷಯದಲ್ಲಿ ಸುಳ್ಳು ಹೇಳಲಾರೆ. ಆದರೂ ನಿಯಮ ನಿಯಮವೇ. "ಗೆರೆ ದಾಟಲಿ ಕಮಲಾ," ಎಂದೆ. ಅವಳು ನನ್ನ ಕಡೆ ನೋಡಿದಳು. ಸಿಟ್ಟಾದಳೋ ಏನೋ, ತುಟಿ ಬಿಗಿದು ಚುಕ್ಕಾಣಿ ತಿರುಗಿಸಿದಳು.

ಒಂದು ಗೇಣಿನಿಂದ ಸೋತೆವು. ಮಾಬಲ ತಮ್ಮನನ್ನು ಅಪ್ಪಿಕೊಂಡ. ಅದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ನಮ್ಮ ದೋಣಿ ಹಗ್ಗದ ಕೆಳಗೆ ಪೂರ್ತಿ ಹಾದು ಹೋಗುವವರೆಗೆ ಕಮಲಾಕ್ಷಿ ಕಾದಳು. ಆಮೇಲೆ ಹೇಳಿದಳು: "ಶೇಷಪ್ಪನವರು ಇಷ್ಟು ದೂರ ಜೀವ ಕೈಲಿ ಹಿಡ್ಕೊಂಡು ಕೂತರು, ನನಗೆ ಒಂದು ಸಲವೂ ಹುಷಾರು ಅನ್ನಲಿಲ್ಲ."

ದೋಣಿ ನಮ್ಮಿಬ್ಬರ ನಡುವೆ ಉದ್ದವಾಯಿತು. ಅವಳು ಕೂತಲ್ಲೇ ನನ್ನಿಂದ ಒಂದು ಮಾರು ಹಿಂದಕ್ಕೆ ಹೋದಳು, ನಗುತ್ತಿದ್ದಳು. ದಡದಿಂದ ದುಗ್ಗಪ್ಪಣ್ಣ, ಮುಂದಿನ ರೇಸಿಗೆ ಅಳತೆಗೆ ಇಳಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದು ಕೂಗಿದ.

ಮರುದಿನ ಆ ಕೆಲಸಕ್ಕೆ ನಾನೇ ಕೂತೆ. ಅದರಲ್ಲಿ ನನ್ನ ಕೈ ಪಳಗಿದೆ ಎಂದು ಊರಿಗೆ ಗೊತ್ತಾಗಿತ್ತು. ಹಿಂದಿನ ಹಲಗೆಯ ಮೇಲೆ ಕೂತು "ಶೇಷಪ್ಪ," ಎಂದೆ. ಹೆಡ್ ಗುಮಾಸ್ತರಿಂದ ಶುರುಮಾಡಿದೆ, ಎರಡನೆಯ ಮಾತಿಗೇ ನಾಲಿಗೆ ತಡವರಿಸಿತು. ತಂಗಿಯ ಮದುವೆಯ ಭಾಷಣಕ್ಕೆ ಬಂದೆ, ಯಾರಿಗೆ ಬೇಕಿತ್ತು ಆ ಭಾಷಣ ಅನ್ನಿಸಿತು. ಇದೊಂದೂ ಬರದಷ್ಟು ದಡ್ಡನಾದೆನಲ್ಲ ಎಂದೆ. ದೋಣಿ ಅರ್ಧ ಬೆರಳು ಕುಗ್ಗಿ ನಿಂತಿತು. ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಮಲಾಕ್ಷಿ ಬಂದು, ಸರ್ಕೊಳ್ಳಿ ಆ ಕಡೆ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ ಎಂದು ನನ್ನ ಪಕ್ಕ ಕೂತಳು. ಈಗ ಅವಳ ಗಂಟಲಲ್ಲಿ ಹೆಸರು ಸಿಕ್ಕಿಕೊಳ್ಳುತ್ತಿರಲಿಲ್ಲ.

"ಶೇಷಪ್ಪಾ," ಎಂದು ಎತ್ತಿದ ಧ್ವನಿಯಲ್ಲಿ ಶುರುಮಾಡಿದಳು, "ಒದ್ದೆ ಟವೆಲನ್ನ ಹಾಸಿಗೆ ಮೇಲೆ ಎಸೀಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?"

ಮಾಬಲ ತೆಂಗಿನ ಕೆಳಗಿಂದ ಕಿವಿಗೊಟ್ಟು ಕೇಳುತ್ತಿದ್ದ. ಬಾಗಿಲ ಚಿಲಕ ಹಾಕದ್ದಕ್ಕೂ, ಸಾರಿಗೆ ಉಪ್ಪು ಕಡಿಮೆಯಾದರೂ ಬಾಯಿ ಬಿಟ್ಟು ಹೇಳದ್ದಕ್ಕೂ ಅವಳು ನನ್ನನ್ನು ಹೆಸರು ಹಿಡಿದು ಬೈಯುತ್ತ ಹೋದಳು. ದೋಣಿ ನಮ್ಮ ಕೆಳಗೆ ಬೆರಳು ಬೆರಳಾಗಿ ಚಿಕ್ಕದಾಗುತ್ತ ಅವಳನ್ನು ನನ್ನ ಹತ್ತಿರಕ್ಕೆ ತರುತ್ತಿತ್ತು. ದೋಣಿ ಕುಗ್ಗುತ್ತಿದ್ದರೂ ನಾನು ಉಬ್ಬುತ್ತಿದ್ದೆನೋ ಏನೋ, ನನ್ನ ಅಂಗಿಯ ಮೇಲಿನ ಗುಂಡಿ ಬಿಗಿಯಾದಂತಾಯಿತು. ಬಿಚ್ಚಿಕೊಂಡು ಕೂತೆ.